ಶುದ್ಧ ಸಸ್ಯಾಹಾರಿ ಮನೆಯ ಬೇಟೆಗಾರ

ಧಾರವಾಡದ ಮಾಳಮಡ್ಡಿಯಲ್ಲಿ ಹಂಚಿನ ಮನೆ, ಹಿತ್ತಲಲ್ಲಿ ಪೇರಲ ಗಿಡ, ನಾಲ್ಕು ದಾಸವಾಳ ಇದ್ದರೆ ಸಾಕು, ಬೆಕ್ಕು ತಾನಾಗಿಯೇ ಬಂದು ಸೇರಿಕೊಳ್ಳುತ್ತದೆ. ನಮ್ಮದೂ ಹಾಗೇ ಬಂತು. ಬಣ್ಣ ನೋಡಿ ಮಗಳು ಪೇಢಾ ಅಂತ ಹೆಸರಿಟ್ಟಳು. ಹೆಸರೇನೋ ಸಿಹಿ.

ನಮ್ಮದು ಉಳ್ಳಾಗಡ್ಡಿಯೂ ದಿನ ನೋಡಿಕೊಂಡು ಅಡುಗೆಮನೆಗೆ ಬರುವಂಥ ಮನೆ. ಇಂಥಲ್ಲಿ ಪೇಢಾ ಓತಿಕ್ಯಾತ, ಅಳಿಲು, ಪಿಕಳಾರದ ಮರಿ ಎಲ್ಲ ಕಚ್ಚಿಕೊಂಡು ಬಂದು ದೇವರಮನೆ ಹೊಸ್ತಿಲ ಮೇಲೆ ಇಡುತ್ತದೆ. ಅದೂ ಏಕಾದಶಿ ನೋಡಿ! ಪಾಪ, ಇವರೆಲ್ಲ ಉಪವಾಸ ಇದ್ದಾರೆ ಅಂತ ಮರುಗುತ್ತದೋ ಏನೋ. ಸತ್ತದ್ದಾದರೆ ಎತ್ತಿ ಹಾಕಿ ನೆಲ ಒರೆಸಿದರಾಯಿತು. ಜೀವ ಇರುವ ಅಳಿಲನ್ನು ತಂದು ನಡುಮನೆಯಲ್ಲಿ ಬಿಟ್ಟರೆ ಅದು ಮಂಚದ ಕೆಳಗೆ, ಅಲ್ಲಿಂದ ಕಪಾಟಿನ ಹಿಂದೆ, ಅಲ್ಲಿಂದ ಮಡಿ ಸೀರೆ ಒಣಹಾಕಿದ ಗಳದ ಮೇಲೆ, ಹಿಂದೆ ನಾನು ಕಸಬರಿಗೆ ಹಿಡಿದು, ನನ್ನ ಹಿಂದೆ ಅವ್ವ "ಮುಟ್ಟಬ್ಯಾಡೋ, ಮುಟ್ಟಬ್ಯಾಡೋ" ಅಂತ. ಪೇಢಾ ಮಾತ್ರ ಕಟ್ಟೆ ಮೇಲೆ ಕೂತು ಕಾಲು ನೆಕ್ಕುತ್ತಿರುತ್ತದೆ.

ಹಿಂದಿನ ಮನೆ ಕಾಕು ಗುಬ್ಬಿಗೆ ಅಕ್ಕಿ ಹಾಕುವವರು. ಒಂದಿನ ಬಾಗಿಲಿಗೇ ಬಂದರು. "ನಾ ಹಾಕೋದು ಗುಬ್ಬಿಗೆ. ನಿಮ್ಮ ಬೆಕ್ಕಿಗೆ ಊಟ ಬಡಸಿದಂಗ ಆಗ್ಯದ!" ನಾನು ಸುಮ್ನೆ ನಿಂತೆ. ಅಮೆರಿಕದ ಜಾರ್ಜಿಯಾದಲ್ಲಿ ಬೆಕ್ಕುಗಳ ಕೊರಳಿಗೆ ಕ್ಯಾಮೆರಾ ಕಟ್ಟಿ ನೋಡಿದ್ದಾರೆ, ಹಿಡಿದದ್ದರಲ್ಲಿ ಅವು ಮನೆಗೆ ತಂದದ್ದು ಕಾಲುಭಾಗವೂ ಅಲ್ಲ. ಇದನ್ನು ಕಾಕುಗೆ ಹೇಳುವ ಧೈರ್ಯ ನನಗಿಲ್ಲ.

ಅವ್ವನ ಪ್ರಶ್ನೆ ಬೇರೆ. "ದಿನಾ ಹಾಲು-ಅನ್ನ ಹಾಕತೇನಿ. ಏನು ಕಡಿಮಿ ಆಗ್ಯದ ಇದಕ್ಕ?"

ಕಡಿಮೆ ಆದದ್ದೇ ಅದು! ಬೆಕ್ಕಿಗೆ ಟಾರಿನ್ ಅನ್ನುವ ಒಂದು ಅಂಶ ಬೇಕೇ ಬೇಕು, ಅದು ಸಿಗುವುದು ಮಾಂಸ-ಮೀನಿನಲ್ಲಿ. ಹಾಲಿನಲ್ಲಿ ಇರುವುದು ನೆಪಕ್ಕೆ, ಅನ್ನದಲ್ಲಿ ಇಲ್ಲವೇ ಇಲ್ಲ. 2021ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಪ್ರಕಟಿಸಿದರು. ಮಾಂಸದ ಪ್ರೋಟೀನ್ ಜಾಸ್ತಿ ಇರುವ ಆಹಾರ ಕೊಟ್ಟರೆ ಬೆಕ್ಕು ಮನೆಗೆ ತರುವ ಬೇಟೆ ಶೇ. 36 ಕಡಿಮೆಯಾಗುತ್ತದಂತೆ. ಅಂದರೆ ಹಿತ್ತಲ ಹಕ್ಕಿ ಉಳಿಯಬೇಕಾದರೆ ನಮ್ಮ ಮನೆಗೆ ಮೀನು ಬರಬೇಕು. ಇದನ್ನು ಅವ್ವನಿಗೆ ಹೇಳುವುದು ಯಾರು?

ಯಾರೂ ಹೇಳಲಿಲ್ಲ. ಮೀನಿನ ಚಿತ್ರ ಇರುವ ಪೊಟ್ಟಣ ಸ್ಕೂಟರಿನ ಡಿಕ್ಕಿ ಸೇರಿತು. ಪೇಢಾನ ಊಟ ಗೇಟಿನ ಹೊರಗೆ, ಅವ್ವ ಪಾರಾಯಣಕ್ಕೆ ಕೂತಾಗ. ಎಲ್ಲ ಸುಸೂತ್ರ ನಡೆದಿತ್ತು. ಮಠದಿಂದ ತಂದ ಪ್ರಸಾದವನ್ನು ಹೆಂಡತಿ ಅದೇ ಡಿಕ್ಕಿಯಲ್ಲಿ ಇಟ್ಟಳು. ಕಾಯಿಹೋಳು ಕೈಗೆ ತೆಗೆದುಕೊಂಡ ಅವ್ವ ಎರಡು ಸಲ ಮೂಸಿ ನೋಡಿ, "ಕಾಯಿ ಕೆಟ್ಟದನೋ" ಅಂದಳು. ಕೆಟ್ಟಿದೆ ಅಂತಲೇ ಒಪ್ಪಿಕೊಂಡು ತುಳಸಿ ಗಿಡದ ಬುಡಕ್ಕೆ ಹಾಕಿದೆವು. ತಕ್ಷಣ ಪೇಢಾ ಹೋಗಿ ಬುಡ ಕೆದರತೊಡಗಿತು!

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ತಲೆ ಕೆಡಿಸಿಕೊಳ್ಳಬೇಡಿ. ಅದೇ ಅಧ್ಯಯನದಲ್ಲಿ ಗಂಟೆಯಿಂದ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆಯ ಕೊರಳಪಟ್ಟಿ ಮಾತ್ರ ಹಕ್ಕಿ ಬೇಟೆಯನ್ನು ಶೇ. 42 ತಗ್ಗಿಸಿದೆ, ಹಕ್ಕಿಗಳು ದೂರದಿಂದಲೇ ಬಣ್ಣ ಕಂಡು ಹಾರಿಬಿಡುತ್ತವೆ. ಹೆಂಡತಿ ಉಳಿದ ಖಣದ ತುಂಡಿನಿಂದ ನೆರಿಗೆ ಹಾಕಿ ಒಂದು ಹೊಲಿದಳು, ಗಿಡಕ್ಕೆ ಸಿಕ್ಕರೆ ತಾನೇ ಬಿಚ್ಚಿಕೊಳ್ಳುವ ಹಾಗೆ. ಅದನ್ನು ಕಟ್ಟಿಕೊಂಡು ಪೇಢಾ ಮದುವೆಗೆ ಹೊರಟ ಬೀಗಿತ್ತಿಯ ಹಾಗೆ ಓಣಿ ತುಂಬ ತಿರುಗಿತು. ಆಮೇಲೆ ಎಲ್ಲೋ ಬಿಚ್ಚಿಕೊಂಡು ಬಂತು. ಇನ್ನೊಂದು ಹೊಲಿದಳು. ಬ್ಲೌಸ್‌ಪೀಸ್ ಮುಗಿಯುತ್ತ ಬಂದಿವೆ.

ನಿಜವಾಗಿ ಕೆಲಸ ಮಾಡಿದ್ದು ಅವ್ವನ ಬತ್ತಿ. ದಿನಕ್ಕೆ ಐದು-ಹತ್ತು ನಿಮಿಷ ಬೆಕ್ಕಿನ ಜೊತೆ ಬೇಟೆಯಾಟ ಆಡಿದರೂ ಶೇ. 25 ಕಡಿಮೆಯಾಗುತ್ತದೆ ಅಂತ ಅವರೇ ಬರೆದಿದ್ದಾರೆ. ಅವ್ವ ಹೂಬತ್ತಿ ಮಾಡುವಾಗ ಅರಳೆ ಉಂಡೆಗೆ ದಾರ ಕಟ್ಟಿ ಎಳೆಯುತ್ತಾಳೆ, ಪೇಢಾ ಹೊಂಚು ಹಾಕಿ ಹಾರುತ್ತದೆ. ಇಬ್ಬರಿಗೂ ಹೊತ್ತು ಹೋಗುತ್ತದೆ, ಸಂಜೆ ಪೇಢಾ ದಣಿದು ಅಲ್ಲೇ ಮಲಗುತ್ತದೆ.

ಹೊಸ್ತಿಲು ಈಗ ಬಹುಮಟ್ಟಿಗೆ ಸ್ವಚ್ಛ. ಮೊನ್ನೆ ಕಾಕು ಮತ್ತೆ ಬಂದರು. "ಏನ್ರೀ, ಅಕ್ಕಿ ಡಬ್ಬಿಗೆ ಇಲಿ ಬರಲಿಕ್ಕೆ ಹತ್ಯಾವ. ನಿಮ್ಮ ಬೆಕ್ಕಿಗೆ ಏನಾಗ್ಯದ?"

ಅವ್ವ ಬತ್ತಿಯಿಂದ ತಲೆ ಎತ್ತಲಿಲ್ಲ. "ಅದು ರಿಟೈರ್ ಆಗ್ಯದವಾ."