ಮಾಸ್ಕ್ ಒಂದೇ ಸಾಲದು

ಎನ್‌95 ಮಾಸ್ಕ್ ಕೊಟ್ಟರೆ ಆಸ್ಪತ್ರೆ ಸಿಬ್ಬಂದಿ ಟಿಬಿಯಿಂದ ಪಾರು ಎನ್ನುವ ಥರ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಅದಷ್ಟೇ ಸಾಲದು. ಕಾಯಿಲೆ ಗೊತ್ತಾಗಿ ಸರಿಯಾದ ಔಷಧ ಶುರುವಾದ ರೋಗಿಗಿಂತ, ಇನ್ನೂ ಗೊತ್ತೇ ಆಗದೆ ಹೊರರೋಗಿಗಳ ಸಾಲಿನಲ್ಲಿ ಕೆಮ್ಮುತ್ತಾ ಕೂತವರಿಂದಲೇ ಅಪಾಯ ಜಾಸ್ತಿ. ಅಂಥವರನ್ನು ಬಾಗಿಲಲ್ಲೇ ಗುರುತಿಸಿ, ಅವರಿಗೂ ಮಾಸ್ಕ್ ಕೊಟ್ಟು, ಗಾಳಿಯಾಡುವ ಕಡೆ ಕೂರಿಸಿ, ಬೇಗ ಕಫ ಪರೀಕ್ಷೆ ಮಾಡಿಸಬೇಕು. ಇನ್ನು ಗಾಳಿ, ಟಿಬಿ ಹರಡುವುದೇ ಅದರ ಮೂಲಕ. ಗಂಟೆಗೆ 12 ಸಲ ಗಾಳಿ ಬದಲಾಗುವ ಕೋಣೆಯಲ್ಲೂ ಕೆಮ್ಮಿನಿಂದ ಬಂದು ತೇಲುವ ಕಣಗಳಲ್ಲಿ ಶೇ 99ರಷ್ಟು ಹೊರಹೋಗಲು ಸುಮಾರು 23 ನಿಮಿಷ ಬೇಕು, ಹಾಗಿರುವಾಗ ಕಿಟಕಿ ಮುಚ್ಚಿ ಎಸಿ ಹಾಕಿದ ಕೋಣೆಯ ಗತಿ ಏನು? ಮಾಸ್ಕ್ ಕೂಡ ಸುಮ್ನೆ ಹಂಚಿದರೆ ಆಗುವುದಿಲ್ಲ, ಮುಖಕ್ಕೆ ಸರಿಯಾಗಿ ಕೂರದಿದ್ದರೆ ಪಕ್ಕದಿಂದ ಗಾಳಿ ನುಗ್ಗುತ್ತದೆ, ಹಾಗೆ ಸೋರುತ್ತದೆಯೇ ಎಂದು ನೋಡುವ ಫಿಟ್ ಟೆಸ್ಟ್ ಮಾಡಿಸಿ. ನೆಲ ಒರೆಸುವವರು, ಲ್ಯಾಬಿನವರು, ನರ್ಸಿಂಗ್ ವಿದ್ಯಾರ್ಥಿಗಳೂ ಅದೇ ಗಾಳಿ ಉಸಿರಾಡುತ್ತಾರೆ, ಸಿಬ್ಬಂದಿಯ ಟಿಬಿ ತಪಾಸಣೆಯ ಪಟ್ಟಿಯಲ್ಲಿ ಅವರೂ ಇರಬೇಕು ಅಲ್ವಾ?