ಗೊಬ್ಬರದ ಗಿಡ ನೆಟ್ಟರಷ್ಟೇ ಸಾಲದು

ಗ್ಲಿರಿಸಿಡಿಯಾವನ್ನು ನಮ್ಮಲ್ಲಿ ಗೊಬ್ಬರದ ಗಿಡವೆಂದೇ ಕರೆಯುತ್ತಾರೆ. ಅದನ್ನು ಬದುವಿನುದ್ದಕ್ಕೂ ನೆಟ್ಟರೆ ಹೊಲ ತಾನಾಗಿಯೇ ಫಲವತ್ತಾಗುತ್ತದೆ ಎಂಬ ಮಾತು ಕೃಷಿಯ ಬಗ್ಗೆ ಬರೆಯುವವರ ಬಾಯಲ್ಲಿ ಆಗಾಗ ಬರುತ್ತಿರುತ್ತದೆ. ನನ್ನ ತಕರಾರು ಇರುವುದು ಆ ಮಾತಿನ ಬಗ್ಗೆ. ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುವುದು ನಿಜವಾದರೂ, ಅದರ ಬಹುಪಾಲು ಸೇರುವುದು ಆ ಗಿಡದ ಎಲೆ, ಕೊಂಬೆಗಳಿಗೇ ಹೊರತು ಪಕ್ಕದ ರಾಗಿಗಲ್ಲ. ವರ್ಷಕ್ಕೆ ಎರಡು ಮೂರು ಬಾರಿ ಸೊಪ್ಪು ಸವರಿ ಮಣ್ಣಿಗೆ ಸೇರಿಸದಿದ್ದರೆ, ಬೆಳೆಯ ಪಾಲಿಗೆ ಉಳಿಯುವುದು ನೆರಳು ಮತ್ತು ನೀರಿನ ಪೈಪೋಟಿ.

ಸವರುವುದಕ್ಕೂ ಹೊತ್ತು ಗೊತ್ತು ಇದೆ. ಈ ಸೊಪ್ಪು ಎಷ್ಟು ಬೇಗ ಕೊಳೆಯುತ್ತದೆಂದರೆ, ಬಿತ್ತನೆಗೆ ಬಹಳ ಮುಂಚೆಯೇ ಹಾಕಿದಲ್ಲಿ ಸಾರವೆಲ್ಲ ಮಳೆನೀರಿನೊಡನೆ ಬಸಿದುಹೋಗಬಹುದು. ಭತ್ತದ ಗದ್ದೆಯಲ್ಲಿ ನಾಟಿಗೆ ಸ್ವಲ್ಪ ಮೊದಲು ಸೊಪ್ಪು ತುಳಿಯುವ ಹಳೆಯ ರೂಢಿಯ ಹಿಂದೆ ಈ ಲೆಕ್ಕವೇ ಇದೆ.

ನೆಡುವ ಬಗೆಯೂ ಮುಖ್ಯ. ಬೇಲಿಗೆ ಬಲಿತ ಕೊಂಬೆಯ ಗೂಟ ಊರುವುದು ಸುಲಭ, ಒಂದೆರಡು ಮಳೆಗೆ ಚಿಗುರಿಕೊಳ್ಳುತ್ತದೆ. ಆದರೆ ಗೂಟದಿಂದ ಬಂದ ಗಿಡಕ್ಕೆ ತಾಯಿಬೇರು ಇರುವುದಿಲ್ಲ; ಅದರ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿ ಬೆಳೆಯ ತೇವಕ್ಕೆ ಬಾಯಿ ಹಾಕುತ್ತವೆ, ಬಿರುಗಾಳಿಗೆ ಗಿಡ ಬುಡಸಹಿತ ವಾಲುವುದೂ ಉಂಟು. ಬಯಲುಸೀಮೆಯಲ್ಲಿ ಗಾಳಿತಡೆಗೆಂದು ಬೆಳೆಸುವವರು ಬೀಜದಿಂದ ಎಬ್ಬಿಸಿದ ಸಸಿಗಳನ್ನೇ ನೆಡಬೇಕೆಂಬುದು ನನ್ನ ಅಭಿಪ್ರಾಯ. ಒಣ ಪ್ರದೇಶಗಳಲ್ಲಿ ಬೇಸಿಗೆಗೆ ಎಲೆ ಉದುರಿಸಿ ನಸುಗೆಂಪು ಹೂ ಬಿಡುವ ಈ ಗಿಡವೊಂದನ್ನೇ ನಂಬದೆ, ನಡುನಡುವೆ ಹೊಂಗೆಯನ್ನೂ ಸೇರಿಸುವುದು ಲೇಸು.

ವಾಸನೆಯ ಕಾರಣಕ್ಕೆ ಹಸು, ಮೇಕೆಗಳು ಮೊದಮೊದಲು ಇದನ್ನು ಮೂಸಿ ಬಿಡುತ್ತವೆ; ಕಾವಲಿಲ್ಲದ ಬದುವಿನಲ್ಲೂ ಇದು ಉಳಿಯುವುದು ಹಾಗಾಗಿಯೇ. ಸೊಪ್ಪನ್ನು ಬಾಡಿಸಿ ಕೊಟ್ಟು ರೂಢಿ ಮಾಡಿಸಿದರೆ ತಿನ್ನುತ್ತವೆ, ಕುದುರೆಗೆ ಮಾತ್ರ ಹಾಕಬಾರದು. (ಇದರ ತವರಾದ ಮಧ್ಯ ಅಮೆರಿಕದಲ್ಲಿ ಬೀಜ, ತೊಗಟೆಗಳನ್ನು ಇಲಿಪಾಷಾಣವಾಗಿ ಬಳಸುತ್ತಿದ್ದರು.)

ಮಲೆನಾಡಿನಲ್ಲಿ 2000ದ ದಶಕದ ವೆನಿಲ್ಲಾ ಹುಚ್ಚಿನ ಕಾಲಕ್ಕೆ ಬಳ್ಳಿಯ ಆಸರೆಗೆಂದು ಊರಿದ ಗೂಟಗಳಲ್ಲಿ ಎಷ್ಟೋ, ವೆನಿಲ್ಲಾ ಬೆಲೆ ಕುಸಿದ ಮೇಲೂ ಮರಗಳಾಗಿ ನಿಂತಿವೆ. ಅಡಿಕೆ ತೋಟದ ಸೊಪ್ಪಿಗಾಗಿ ಸೊಪ್ಪಿನಬೆಟ್ಟಗಳನ್ನು ಬೋಳಿಸುವ ಬದಲು, ಬೇಲಿಯಲ್ಲೇ ನಿಂತ ಈ ಮರಗಳನ್ನು ಸವರಬಾರದೇಕೆ? ಕೂಲಿಯಾಳು ಸಿಗುವುದಿಲ್ಲ ಎಂಬ ಉತ್ತರ ಬರುತ್ತದೆ. ಬೆಟ್ಟದಿಂದ ಸೊಪ್ಪು ಹೊತ್ತು ತರುವುದಕ್ಕೂ ಆಳು ಬೇಕಲ್ಲವೇ?