ಮೈಸೂರಿನ ಆಷಾಢ, ಚೆನ್ನೈನ ಆಡಿ

ಮೈಸೂರಿನ ಹುಡುಗನಿಗೂ ಚೆನ್ನೈನ ಹುಡುಗಿಗೂ 2025ರ ಜೂನ್‌ನಲ್ಲಿ ಸಂಬಂಧ ಕುದುರಿತು ಅಂದುಕೊಳ್ಳಿ. ಜೂನ್ 26ಕ್ಕೆ ನಮ್ಮ ಆಷಾಢ ಶುರು, ಹುಡುಗನ ಮನೆಯವರು ಈಗ ಬೇಡ ಅನ್ನುತ್ತಾರೆ. ಜುಲೈ 25ಕ್ಕೆ ಶ್ರಾವಣ ಬಂತು, ಇನ್ನು ಛತ್ರ ಹುಡುಕೋಣ ಅಂತ ಹೊರಟರೆ ಹುಡುಗಿಯ ಮನೆಯವರು ತಡೆಯುತ್ತಾರೆ, ಯಾಕೆಂದರೆ ಅವರಿಗೆ 17ರಿಂದ ಆಡಿ ತಿಂಗಳು, ಅದು ಮುಗಿಯುವುದು ಆಗಸ್ಟ್ 16ಕ್ಕೆ. ನಾವು ಚಂದ್ರನ ಲೆಕ್ಕ ಹಿಡಿದವರು, ಅವರು ಸೂರ್ಯನ ಲೆಕ್ಕ ಹಿಡಿದವರು. ಒಟ್ಟು 52 ದಿನ ಮದುವೆ ಮಾತೇ ಇಲ್ಲ. ಜುಲೈ ಕೊನೆಯ ಅದೇ ದಿನ ಮೈಸೂರಿಗೆ ಒಳ್ಳೆಯದಾಗಿ ಚೆನ್ನೈಗೆ ಕೆಟ್ಟದಾಗುವುದಾದರೆ, ಆ ದಿನದಲ್ಲಿ ದೋಷ ಇರುವುದಾದರೂ ಎಲ್ಲಿ?

ನಾನೀಗ ಇರುವ ಚೆನ್ನೈನಲ್ಲಿ ಬದುಕು ಪಂಚಾಂಗಕ್ಕೆ ಇನ್ನೂ ಹತ್ತಿರ. ಅಂಗಡಿ, ಮನೆ, ಎಲ್ಲಿ ನೋಡಿದರೂ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್. ಆ ಚಿಕ್ಕ ಹಾಳೆಯಲ್ಲೇ ರಾಹುಕಾಲ, ಯಮಗಂಡ, ಗುಳಿಕಕಾಲ, ಯಾವ ದಿಕ್ಕಿಗೆ ಶೂಲ, ಯಾರಿಗೆ ಚಂದ್ರಾಷ್ಟಮ, ಎಲ್ಲ ಇರುತ್ತದೆ. ನಮ್ಮಲ್ಲೂ ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ ಅಂತ ಅಜ್ಜಿಯರಿಗೆ ಬಾಯಿಪಾಠ, ಆದರೆ ಚಂದ್ರಾಷ್ಟಮದ ಮಾತು ನಾನು ಜಾಸ್ತಿ ಕೇಳಿದ್ದು ಇಲ್ಲಿಗೆ ಬಂದ ಮೇಲೆಯೇ. ಹುಟ್ಟಿದ ರಾಶಿಯಿಂದ ಎಂಟನೇ ರಾಶಿಯಲ್ಲಿ ಚಂದ್ರ ಇರುವ ಎರಡೂಕಾಲು ದಿನ. ಆಗ ಹೊಸ ಕೆಲಸ ಬೇಡ, ವಾದಕ್ಕೂ ಇಳಿಯಬಾರದು ಅನ್ನುತ್ತಾರೆ. ಜಗಳಕ್ಕೆ ಹೋಗದೆ ಎರಡು ದಿನ ಸುಮ್ನೆ ಇರುವವರ ಬಗ್ಗೆ ನನಗೆ ತಕರಾರಿಲ್ಲ, ಅದು ಅವರವರ ನೆಮ್ಮದಿ.

ನನ್ನ ತಕರಾರು ಹೊಸ ಸೊಸೆಯ ವಿಷಯದಲ್ಲಿ. ನಮ್ಮಲ್ಲಿ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಮನೆಯಲ್ಲಿರಬಾರದು. ಇಲ್ಲಿ ಆಡಿಯಲ್ಲಿ ಗಂಡ ಹೆಂಡತಿ ಒಟ್ಟಿಗಿರಬಾರದು, ಆಗ ಬಸಿರಾದರೆ ಚಿತ್ತಿರೈ ತಿಂಗಳ ಸುಡುಬಿಸಿಲಿನಲ್ಲಿ ಹೆರಿಗೆಯಾಗುತ್ತದೆ ಅನ್ನುತ್ತಾರೆ. ಹಿಂದೆ ಅದಕ್ಕೆ ಅರ್ಥ ಇತ್ತು, ಒಪ್ಪುತ್ತೇನೆ. ಈಗ ಕೆಲಸಕ್ಕೆ ಹೋಗುವ ಹುಡುಗಿ ಬಾಡಿಗೆ ಮನೆ ಬಿಟ್ಟು ತಿಂಗಳಿಡೀ ತವರಿನಿಂದ ಓಡಾಡಬೇಕು. ಸಾಲದ್ದಕ್ಕೆ ಇಲ್ಲಿ ಆಡಿ ಸೀರು ಅಂತ ಅಳಿಯನನ್ನು ಕರೆದು ಉಡುಗೊರೆ ಕೊಡುವ ಖರ್ಚು ಹುಡುಗಿಯ ಅಪ್ಪ ಅಮ್ಮನ ತಲೆಗೆ. ನಂಬುವವರು ಒಬ್ಬರು, ಕಷ್ಟಪಡುವವರು ಇನ್ನೊಬ್ಬರು. ಇದು ನನಗೆ ಸರಿ ಕಾಣುವುದಿಲ್ಲ.

ಹಾಗಂತ ಆಡಿ ತಿಂಗಳೇ ಬೇಡ ಅನ್ನುವವನು ನಾನಲ್ಲ. ಬೀದಿಯ ಅಮ್ಮನ್ ಗುಡಿಗೆ ಬೇವಿನ ಸೊಪ್ಪು ಕಟ್ಟಿ, ದೊಡ್ಡ ಅಂಡೆಯಲ್ಲಿ ರಾಗಿ ಕೂಳು ಕಾಯಿಸಿ, ಜೊತೆಗೆ ನುಗ್ಗೆಸೊಪ್ಪಿನ ಪಲ್ಯ, ಹಸಿ ಈರುಳ್ಳಿ ಇಟ್ಟು ಬಂದವರಿಗೆಲ್ಲ ಕೊಡುತ್ತಾರೆ. ರುಚಿ ನಮ್ಮ ಅಂಬಲಿಯದೇ. ಆಟೋದವರು, ಮನೆಕೆಲಸದವರು, ಆಫೀಸಿನವರು, ಎಲ್ಲರೂ ಪಾತ್ರೆ ಹಿಡಿದು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಅಲ್ಲಿ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಜನ ಹತ್ತುವುದೂ ಇದೇ ಭಕ್ತಿಯಿಂದ. ಮದುವೆಗೆ ಬೇಡವಾದ ತಿಂಗಳನ್ನು ಎರಡೂ ಕಡೆಯವರು ದೇವಿಗೇ ಕೊಟ್ಟಿದ್ದಾರೆ ನೋಡಿ. ಈ ಭಾಗ ಉಳಿಯಲಿ, ನನ್ನ ಮಕ್ಕಳೂ ಆ ಸಾಲಿನಲ್ಲಿ ನಿಲ್ಲಲಿ.

ಬೇಡ ಅನ್ನುವವರಿಗೂ ದಾರಿ ಇದೆ. ಪುರೋಹಿತರಿಲ್ಲದೆ ಹಾರ ಬದಲಿಸಿ ಆಗುವ ಸ್ವಾಭಿಮಾನದ ಮದುವೆಗೆ ಇಲ್ಲಿನ ಅಣ್ಣಾದುರೈ ಸರ್ಕಾರ 1967ರಲ್ಲೇ ಕಾನೂನು ತಂದಿತು. ನಮ್ಮಲ್ಲಿ ಕುವೆಂಪು ಹಾಕಿಕೊಟ್ಟ ಮಂತ್ರಮಾಂಗಲ್ಯ ಇದೆ. ಅಷ್ಟು ದೂರ ಹೋಗದಿದ್ದರೂ ಪರವಾಗಿಲ್ಲ, ಮುಂದಿನ ಆಷಾಢಕ್ಕೆ ಸೊಸೆಯ ಬ್ಯಾಗು ಕಟ್ಟಿಸುವ ಮೊದಲು ಅವಳಿಗೆ ಹೋಗಲು ಇಷ್ಟ ಇದೆಯಾ, ರಜೆ ಸಿಗುತ್ತದಾ ಅಂತ ಅವಳನ್ನೇ ಒಂದು ಮಾತು ಕೇಳಿ.